ಪದಸೂಚಿ

ತಿರಾನಾದ ನಾಲ್ಕನೆಯ ಮಹಡಿ. ಕರಡಚ್ಚು, ಕೆಂಪು ಪೆನ್ಸಿಲು.
ಮುನ್ನೂರ ಹನ್ನೆರಡು ಪುಟಕ್ಕೆ ಪದಸೂಚಿ ನನ್ನ ಕೂಲಿ.

ದುರಾಸೆ: ೯, ೧೪, ೩೩–೪೧, ೧೨೦.
ಎಲ್ಲ ಕಡೆಯೂ ಜನರದ್ದೇ:
ಮನೆ ಮಾರಿದವರು, ಹಸು ಮಾರಿದವರು,
ಗ್ರೀಸಿನಲ್ಲಿ ಪಾತ್ರೆ ತೊಳೆದು ತಂದದ್ದನ್ನು
ಸ್ಕೀಮಿಗೆ ಸುರಿದವರು.

ಮುನ್ನುಡಿಯಲ್ಲಿ ಲೇಖಕರು ಹೆಜ್ಜೆಗೊಮ್ಮೆ ನಾನು ಎನ್ನುತ್ತಾರೆ.
ನಾನು ಕಂಡೆ, ನಾನು ಎಚ್ಚರಿಸಿದೆ, ನಾನು ಅತ್ತೆ.
ಐದನೆಯ ಅಧ್ಯಾಯ, ಅವರು ಮಂತ್ರಾಲಯದಲ್ಲಿದ್ದ ವರ್ಷ,
ಆ ನಾನು ಎಲ್ಲಿ ಹೋಯಿತೋ.
ಪರವಾನಗಿ ಕೊಡಲಾಯಿತು. ದೂರು ಬದಿಗಿಡಲಾಯಿತು.
ಲಾಯಿತು, ಲಾಯಿತು.
ಕ್ರಿಯಾಪದಕ್ಕೆ ಕೈಯೇ ಇಲ್ಲ.

ಕುಂಬಳಕಾಯಿ ಕಳ್ಳ ಎಂದರೂ
ಹೆಗಲು ಮುಟ್ಟಿ ನೋಡಿಕೊಳ್ಳದ ಗದ್ಯ.
ಚೆನ್ನಾಗಿದೆ, ಅದೇ ಕಷ್ಟ.

'ಪರವಾನಗಿ: ನೋಡಿ, ಲೇಖಕ' ಎಂದು ಬರೆದೆ.
ಅಳಿಸಲಿಲ್ಲ. ಚಹಾ ಕಾಯಿಸಿಕೊಂಡೆ.

ಆಗ ನೆನಪಾದಳು ವ್ಲೋರಾದ ಸನಿಯೆ ಚಿಕ್ಕಮ್ಮ.
ತೊಂಬತ್ತಾರರ ಚಳಿಗಾಲ, ಅವಳದೇ ಅಡುಗೆಮನೆ,
ಅವಳು ಸುಲಿದುಕೊಟ್ಟ ಕಿತ್ತಳೆ ತಿನ್ನುತ್ತ
'ಹಾಕು, ತಿಂಗಳಿಗೆ ನೂರಕ್ಕೆ ಎಂಟು' ಎಂದವಳು ನಾನು.

ನೆಂಟರು ಕೇಳಿದರೆ ಈಗಲೂ ಹೇಳುತ್ತೇನೆ,
ಪಾಪ, ಅವಳಿಗೆ
ಯಾರೋ ಹೇಳಿದ್ದರಂತೆ.