ಮತ್ರಾದಲ್ಲಿ ಮೂರು ಗುಳಿಗೆ

ಮತ್ರಾದ ಹಿಂದಣ ಗಲ್ಲಿಯಲ್ಲಿ
ದಿನಕ್ಕೆ ನೂರಿಪ್ಪತ್ತು ದಿಶ್‌ದಾಶಾ.
ಬಿಳಿ ಬಟ್ಟೆಯ ಮೇಲೆ ಹಬೆ ಬಿಡುತ್ತ
ಹನ್ನೊಂದು ವರ್ಷ ದುಡಿದ ಬಲಗೈ
ಈ ಬೇಸಿಗೆ ಹೆಗಲಿನ ಮಾತು ಕೇಳದು.
ಮಣಿಕಟ್ಟು ಊದಿ ಹಲಸಿನ ತೊಳೆ.
ಕ್ಲಿನಿಕ್ಕಿನ ಮಾತ್ರೆ ನೋವನ್ನು ಮಲಗಿಸಿ
ಹೊಟ್ಟೆಯನ್ನು ಎಬ್ಬಿಸಿತು.

ಪಕ್ಕದ ಪಾರ್ಲರಿನ ದೆಚೆನ್
ಟವೆಲ್ಲಿನ ಮೂಟೆ ಇಳಿಸಿ ನೋಡಿದಳು.
'ಯಾಕಣ್ಣೋ ಚಿಕ್ಕೀರಣ್ಣ, ಎಡಗೈಲಿ ಉಜ್ತಾ ಇದ್ದೀಯ?'
ಎಲ್ಲರೂ ಅವಳನ್ನು ಫಿಲಿಪೀನ್ಸಿನವಳು ಅಂದುಕೊಂಡಿದ್ದಾರೆ;
ತಿದ್ದುವುದನ್ನು ಅವಳೂ ಬಿಟ್ಟಿದ್ದಾಳೆ.
ಬೈಲಕುಪ್ಪೆಯ ಮೂರನೇ ಕ್ಯಾಂಪು,
ಮುಸುಕಿನ ಜೋಳದ ಹೊಲದಂಚಿನ ಮನೆ,
ಪಿರಿಯಾಪಟ್ಟಣದ ಬಸ್ಸಲ್ಲಿ ಕಲಿತ ಕನ್ನಡ,
ನನ್ನ ಹೆಂಡತಿಯದಕ್ಕಿಂತ ಖಾರ.

ಸಂಜೆ ತಂದಳು, ಕೆಂಪು ಬಟ್ಟೆಯ ಚೂರಲ್ಲಿ ಕಟ್ಟಿ,
ಮೂರು ಕರಿ ಗುಂಡು. ಆಡಿನ ಹಿಕ್ಕೆಯೆಂದರೆ ಹಿಕ್ಕೆ.
'ನಗಬೇಡ. ನಮ್ಮ ಆಮ್ಚಿ ನಾಡಿ ಹಿಡಿದು ಕೊಟ್ಟದ್ದು,
ಅಜ್ಜಿಯ ಮಂಡಿಗೆ.
ಇಡಿಯಾಗಿ ನುಂಗಿದರೆ ಕಲ್ಲು ನುಂಗಿದ ಹಾಗೆ.
ಹಲ್ಲಲ್ಲಿ ಒಡಿ. ಬೆಳಗಿನ ಜಾವ. ಬಿಸಿನೀರು.'

ಬಿಸಿನೀರಿಗೇನು, ಜೂನಿನಲ್ಲಿ ಇಲ್ಲಿ
ಕ್ಯಾನಿನ ನೀರು ಕ್ಯಾನಿನಲ್ಲೇ ಕಾದಿರುತ್ತದೆ.

ಒಡೆದೆ. ಮೊದಲು ಮಣ್ಣು. ಆಮೇಲೆ
ಅಳಲೆಕಾಯಿ: ಇದು ಗೊತ್ತು,
ಅವ್ವ ಕೆಮ್ಮಿಗೆ ತೇಯ್ದು ನೆಕ್ಕಿಸಿದ್ದು.
ಅಮೃತಬಳ್ಳಿಯ ಕಹಿ, ಇದೂ ಗೊತ್ತು.
ಅದರ ಹಿಂದೆ ಇನ್ನೇನೋ,
ನಾನು ಕಾಣದ ಚಳಿಯಲ್ಲಿ ಬೆಳೆದದ್ದು,
ಹೆಸರು ಹೇಳದೆ ನಾಲಿಗೆಯ ಮೇಲೆ ಕೂತಿತು.
ಬಾಗಿಲಾಚೆ ಯಾರೋ ಸಾಂಬ್ರಾಣಿ ಹಚ್ಚಿದ್ದರು;
ಹೊಗೆಯೂ ಗುಳಿಗೆಯೂ
ಗಂಟಲಲ್ಲಿ ಜಗಳಕ್ಕೆ ಬಿದ್ದವು.

ನೋವು ಹೋಯಿತೆ? ಸುಳ್ಳು ಹೇಳಲಾರೆ.
ನಾಲ್ಕನೆಯ ದಿನ ಇಸ್ತ್ರಿಪೆಟ್ಟಿಗೆ
ಬಲಗೈಗೆ ಮರಳಿತು,
ಹಳೇ ಸಾಲ ತೀರಿಸಲು ಬಂದವನ ಹಾಗೆ,
ಒಳಗೆ ಬಾರದೆ, ಹೊಸ್ತಿಲಲ್ಲೇ ನಿಂತು.

ಇದನ್ನು ಏರ್‌ಪೋರ್ಟಿನಲ್ಲಿ ಹೇಗೆ ಬಿಟ್ಟರು, ಕೇಳಿದೆ.
'ಮೂ ಹಾದಾ?' ಅಂದನಂತೆ ಸುಂಕದವನು, ಪೊಟ್ಟಣ ಎತ್ತಿ.
ಒಂದು ಕೈಲಿ ಇವಳ ಹಳದಿ ಪುಸ್ತಕ, ಇನ್ನೊಂದರಲ್ಲಿ ಗುಳಿಗೆ.
ಎರಡಕ್ಕೂ ಅರಬ್ಬಿಯಲ್ಲಿ ಏನನ್ನುತ್ತಾರೋ ಇವಳಿಗೆ ಗೊತ್ತಿಲ್ಲ.
ಒಂದನ್ನು ಬಾಯಿಗೆ ಹಾಕಿ
ಅವನ ಮುಂದೆಯೇ ಕಟಕಟ ಕಡಿದಳಂತೆ,
ಮುಖ ಕಿವುಚದೆ.
ಅವನೇ ಮುಖ ಕಿವುಚಿ, ಹೋಗು ಅಂದನಂತೆ.

'ಆಗ ನಿನಗೆಲ್ಲಿ ನೋವಿತ್ತು?' ಅಂದೆ.

ದೆಚೆನ್ ಟವೆಲ್ಲು ಎಣಿಸುತ್ತಿದ್ದಳು.
ನಲವತ್ತೆರಡು, ನಲವತ್ತಮೂರು,
ಕನ್ನಡದಲ್ಲೇ.