ಹಲ್ಲೋ ಪಟ್ಟಾನೋ

ಇಂಜಿನ್ನಿಗಿ ಅವಸರ. ಮಾರುತಿ ಕಾರಿಂದು,
ಹುಮನಾಬಾದಿನ ಗುಜರಿಯೊಳಗ ತೂಕದ ಲೆಕ್ಕಕ್ಕ ಕೊಂಡದ್ದು.
ನಿಮಿಷಕ್ಕ ಐದೂವರಿ ಸಾವಿರ ಸುತ್ತು ತಿರುಗಿದರ ಮಾತ್ರ
ಮೈಯಾಗಿನ ಕಸುವು ಹೊರಗ ಹಾಕ್ತದ.
ಪಂಖಾಕ್ಕ ಅವಸರ ಇಲ್ಲ. ಸಾಗವಾನಿ ಕಟಗಿ, ಆರಡಿ ಉದ್ದ.
ಎರಡೂವರಿ ಸಾವಿರ ದಾಟಿ ಓಡಿಸಿದರ ತುದಿ ಚೀರ್ತದ,
ಗಾಳಿ ಹಿಡಿಯೂದು ಬಿಟ್ಟು ಗಾಳಿ ಹರಿಲಾಕತ್ತದ.
ಇವೆರಡರ ನಡುವ ಒಂದು ಗೇಣು ಜಾಗ.
ಆ ಗೇಣಿನಾಗ ಏನಿಡಲಿ ಅಂತ
ನೌಬಾದಿನ ತಗಡಿನ ಶೆಡ್ಡಿನಾಗ
ಹನ್ನೊಂದು ತಿಂಗಳಾತು, ಕುಂತೀನಿ.

ಲೇಥಿನ ಮೊಯಿಜುದ್ದೀನ ಅಂತಾನ:
ಗೇರ್ ಹಾಕು. ಹಲ್ಲಿಗಿ ಹಲ್ಲು ಕೂತರ ಜಾರೂ ಮಾತೇ ಇಲ್ಲ.
ಅಂಗೈಮ್ಯಾಲ ಇಟ್ಟು ತೋರಿಸಿದ ಒಂದು ಜೋಡಿ,
ಎಣ್ಣಿ ಹಚ್ಚಿ, ಹೊಸ ಉಂಗುರದಂಗ.
ಚೆಂದ ಅವ, ಖರೆ. ಆದರ ಮೂರು ಸಿಲಿಂಡರಿಂದು
ಮೆತ್ತಗ ತಿರುಗಂಗಿಲ್ಲೋ, ಬಡೀತದ.
ಒಂದೊಂದು ಉರಿಗಿ ಒಂದೊಂದು ಸುತ್ತಿಗಿ ಏಟು.
ಸಣ್ಣ ವೇಗದಾಗ ಆ ಹಲ್ಲು ಕಟಕಟ ಕಡೀತಾವ,
ಚಳಿಗಾಲದ ಮುಂಜಾನಿ ಬಸ್ಸಿಗಿ ನಿಂತ ಹುಡುಗರಂಗ.

ಚಂದ್ರಭಾಗಾಬಾಯಿ ಗಿರಣಿಯಾಕಿ. ಮೂವತ್ತು ವರ್ಷ ಜೋಳ ಬೀಸ್ಯಾಳ.
ಬಾಯಾಗ ಒಂದೂ ಹಲ್ಲಿಲ್ಲ.
ಪಟ್ಟಾ ಹಾಕೋ, ಅಂತಾಳ. ಪಟ್ಟಾ ಪೆಟ್ಟು ನುಂಗ್ತದ.
ಕಾಳಿನಾಗ ಮೊಳಿ ಬಂದರ ಪಟ್ಟಾ ಜಾರಿ ಬೀಳ್ತದ, ಕಲ್ಲು ಉಳೀತದ.
ಹಲ್ಲಿದ್ದವರಿಗಿ ಕಡ್ಲಿ ಇಲ್ಲ ಅಂತ ಅಳೂದು ನೋಡೀನಿ.
ನಾ ರೊಟ್ಟಿ ಹಾಲಾಗ ನೆನಿಸಿ ತಿಂತೀನಿ,
ಹೊಟ್ಟಿ ತುಂಬಂಗಿಲ್ಲೇನು?

ಆದರ ಬಾಯಿ, ಮ್ಯಾಲ ಹೋದಾಗ ಜಾರಿ ಬಿದ್ದರ
ತಿರುಗಿ ಏರಿಸವರು ಯಾರು?
ಅಕಿ ಹಿಟ್ಟು ಝಾಡಿಸಿಕೊಂಡಳು. ಮಾತಾಡಲಿಲ್ಲ.

ಉಳ್ಳಾಗಡ್ಡಿ ತೂಗೂ ಕಾಟಾ ತಂದು ಎರಡೂ ತೂಗಿದೆ.
ಗೇರಿನ ಡಬ್ಬಿ ಹದಿನಾಲ್ಕು, ಪಟ್ಟಾದ ಸಾಮಾನು ಒಂಬತ್ತು.
ಐದು ಕಿಲೊ ಉಳೀತದ ನೋಡು, ಅಂದೆ.
ಶಕುಂತಲಾ ರೊಟ್ಟಿ ಬಡಿಯೂದು ನಿಲ್ಲಿಸಲಿಲ್ಲ:
ಆ ಐದು ಕಿಲೊ ನಿಮ್ಮ ಹೊಟ್ಟಿಯಾಗಿಂದ ತಗೀರಿ,
ಯಾವುದರ ಹಾಕ್ಕೋರಿ.

ವಾಯುಪಡೆಯ ಹುಡುಗರು ಮುಂಜಾನಿ ನೆತ್ತಿಮ್ಯಾಲ ಹಾದರು,
ತಗಡು ನಡುಗಿತು, ಚಾದಾಗ ಕೆಂಪು ಮಣ್ಣು ಉದುರಿತು.
ಅವರಿಗಿ ಈ ತಕರಾರಿಲ್ಲ. ಪಂಖಾನೇ ಇಲ್ಲ.

ಗೇರೂ ಸುದ್ದಿ ಹೇಳ್ತದ, ಮುರಿಯೂಕಿಂತ ಮದಲ.
ಆದರ ಎಣ್ಣಿಗಿ ಹೇಳ್ತದ.
ತಳದ ಅಯಸ್ಕಾಂತಕ್ಕ ಅಂಟಿದ ಉಕ್ಕಿನ ಧೂಳು,
ಬಿಚ್ಚಿ ನೋಡಿದಂವಗ ಮಾತ್ರ ಓದಲಾಕ ಬರ್ತದ.
ನಾನು ಸೋಮಾರಿ. ನನಗ ನಾನು ಗೊತ್ತೀನಿ.
ಪಟ್ಟಾ ಬಯಲಾಗ ಇರ್ತದ. ಹಾರೂ ಮದಲ
ಅಂಚಿಗುಂಟ ಬೆರಳಾಡಿಸಿದರ ಬಿಚ್ಚಿದ ಎಳಿ ಚುಚ್ಚತದ.
ಅಷ್ಟು ಮಾಡ್ತೀನಿ. ಅಷ್ಟರ ಮಾಡ್ತೀನಿ.

ಹೈದರಾಬಾದಿಂದ ಬಂದ ಪೊಟ್ಟಣ ಒಡದರ
ಪಟ್ಟಾದ ಒಳಮೈ ತುಂಬ ಹಲ್ಲು! ರಬ್ಬರಿನವು, ಸಾಲಾಗಿ.
ಮೊಯಿಜ ನಕ್ಕು ನಕ್ಕು ಕೆಮ್ಮಿದ:
ಕಡೀಕ ಹಲ್ಲಿಗೇ ಬಂದೆಲ್ಲ ಮಾರಾಯ.
ಚಂದ್ರಭಾಗಾಬಾಯಿ ಒಂದು ಹಲ್ಲು ಒತ್ತಿ ನೋಡಿ,
ಹಾಲುಹಲ್ಲು, ಅಂದಳು.

ಪುಲ್ಲಿ ಎರಡೂ ಅವನೇ ತಿರುವಿಕೊಟ್ಟ.
ಪಟ್ಟಾ ಬಿಗದರ ಇಂಜಿನ್ನಿನ ದಂಡಿಗಿ ಒಂದು ಮಗ್ಗಲಿಗಿ ಜಗ್ಗತದ ಅಂತ
ಹೊರಗೊಂದು ಬೇರಿಂಗ್ ಕೂಡ್ರಿಸಿದ, ಕೇಳದೇನೆ.
ಕೂಲಿ ಮಾತ್ರ ಪೂರಾ ತಗೊಂಡ.

ನಿನ್ನಿ ಸಂಜೀಕ ಬಾಲಕ್ಕ ಹಗ್ಗ ಕಟ್ಟಿ ಬೇವಿನ ಗಿಡಕ್ಕ ಬಿಗದೆ,
ನಡುವ ಸ್ಪ್ರಿಂಗ್ ಕಾಟಾ. ಚಾಲೂ ಮಾಡಿದೆ.
ಕೋಳಿ ಓಡಿದವು. ಧೂಳು ಎದ್ದು ಶೆಡ್ಡೇ ಕಾಣಲಿಲ್ಲ.
ಮುಳ್ಳು ನೂರಾ ಹನ್ನೆರಡಕ್ಕ ನಿಂತಿತು, ನಡುಗಲಾಕತ್ತು.
ಚಂದ್ರಭಾಗಾಬಾಯಿ ಮೂಗು ಎತ್ತಿ ಸುಟ್ಟ ವಾಸನಿ ಹುಡುಕಿದಳು.
ಮೊಯಿಜುದ್ದೀನ ಕಣ್ಣು ಮುಚ್ಚಿ, ಕಿವಿ ಕೊಟ್ಟು,
ಬೈಯಲಾಕ ಒಂದು ಸಪ್ಪಳ ಹುಡುಕಲಾಕತ್ತಿದ್ದ.
ಇನ್ನೂ ಹುಡುಕಲಾಕತ್ತಾನ.