ಆರರಲ್ಲಿ ಎರಡು ಪಾಲು

ಡಾನ್ ಹೊಳೆಯ ಒಡ್ಡಿನ ಪಕ್ಕ ಕಬ್ಬಿಣದ ಏಣಿ,
ಅದಕ್ಕೆ ಅಂಟಿಕೊಂಡು ಅಳತೆಪಟ್ಟಿ. ಪಾಚಿ ಕೆರೆದು
ಸೊನ್ನೆ ಪಾಯಿಂಟ್ ನಾಲ್ಕು ಎಂದು ಬರೆದುಕೊಳ್ಳುವುದು ನನ್ನ ಕೆಲಸ,
ಶೆಫೀಲ್ಡಿನಲ್ಲಿ, ಗುರುವಾರ ಬೆಳಗ್ಗೆ,
ಮಳೆಯಿರಲಿ, ಬಿಡಲಿ.
ಮಳೆ ಇರುತ್ತದೆ.

ಕಟ್ಟೆಯ ಮೇಲಿಂದ ಒಬ್ಬ ಮುದುಕಿ ಕೂಗಿದಳು:
'ಇವತ್ತು ಹೊಳೆ ಎಷ್ಟು ದಾಂಗು?'
ಮೀಟರಿನಲ್ಲಿ ಹೇಳಿದೆ.
ದರ ಏರಿಸಿದ ತರಕಾರಿಯವಳನ್ನು ನೋಡುವಂತೆ ನೋಡಿದಳು.

ಹೆಸರು ಮಹ್‌ಲಗಾ ಆಸಿಯಾಬಾನ್.
ಆಸಿಯಾಬಾನ್ ಅಂದರೆ ಗಿರಣಿ ನಡೆಸುವವರು.
ಊರು ಶೂಶ್ತರ್, ಕಾರೂನ್ ನದಿಯ ದಡ.
ಅಲ್ಲಿ ಹೊಳೆಯನ್ನೇ ಆಸ್ತಿಯ ಹಾಗೆ ಹಿಸ್ಸೆ ಮಾಡಿದರಂತೆ:
ಆರು ದಾಂಗಿನಲ್ಲಿ ನಾಲ್ಕು ಹಿರಿಯ ಕವಲಿಗೆ,
ಎರಡು ಕಿರಿಯದಕ್ಕೆ. ಕಿರಿಯದು ಮನುಷ್ಯರು ಅಗೆದದ್ದು,
ಯಾವ ದೊರೆಯ ಕಾಲದಲ್ಲೋ; ಕೇಳಿದರೆ ಎರಡು ಮೂರು ಹೆಸರು ಬರುತ್ತವೆ,
ಗುದ್ದಲಿ ಹಿಡಿದವರದು ಒಂದೂ ಇಲ್ಲ.
ಆ ಕಾಲುವೆ ಗರ್ಗರ್.

ಗರ್ಗರ್!
ನಾನು ನಕ್ಕೆ, ಅವಳಿಗೆ ಸಿಟ್ಟು ಬಂತು.
ನಮ್ಮ ನುಡಿಯಲ್ಲಿ ಬೀಸುಕಲ್ಲು ತಿರುಗುವ ಸದ್ದು ಅದು
ಎಂದು ಕೈ ತಿರುಗಿಸಿ ತೋರಿಸಿದೆ.
ಅವಳ ಕೈಯೂ ತಾನಾಗಿ ತಿರುಗಿತು.
ನಡುವೆ ಇಲ್ಲದ ಗೂಟ ಹಿಡಿದು ಇಬ್ಬರೂ
ಗಾಳಿಯನ್ನು ಒಂದೆರಡು ಸುತ್ತು ಬೀಸಿದೆವು.

ಆಮೇಲಿನ ಗುರುವಾರಗಳಲ್ಲಿ ಊರನ್ನು ಕಂತುಕಂತಾಗಿ ಕೊಟ್ಟಳು,
ಸಕ್ಕರೆ ಅಚ್ಚು ಹಲ್ಲಿಗೆ ಕಚ್ಚಿ, ಫ್ಲಾಸ್ಕಿನ ಚಹಾ ಹೀರುತ್ತ.
ಬಂಡೆಯೊಳಗೆ ಕೊರೆದ ಸುರಂಗ; ಕತ್ತಲಲ್ಲಿ ನುಗ್ಗಿದ ನೀರು
ಗಿರಣಿಯ ಚಕ್ರಕ್ಕೆ ಒದ್ದು, ಬೆಳ್ಳಗೆ ಮಡುವಿಗೆ ಬೀಳುವುದು.
ಬೇಸಗೆಗೆ ಮನೆಯಡಿಗೆ ಮೆಟ್ಟಿಲು ಮೆಟ್ಟಿಲು ಇಳಿದರೆ
ತಣ್ಣನೆಯ ನೆಲಮಾಳಿಗೆ, ಶವಾದಾನ್.
ಆ ಹೆಸರಿಗೆ ನಾನು ಬೆಚ್ಚಿದೆ;
ಅವಳು ಹುಟ್ಟಿದ್ದೇ ಅಲ್ಲಿ.

ಸೇತುವೆಯ ಕತೆ: ಸೋತ ರೋಮಿನವರು ಸೆರೆಯಾಳಾಗಿ ಬಂದು
ಹೊಳೆಯನ್ನು ಬದಿಗೆ ಸರಿಸಿ, ಒಣಗಿದ ಪಾತ್ರಕ್ಕೆ ಚಪ್ಪಡಿ ಹಾಸಿ,
ಕಬ್ಬಿಣದ ಕೊಂಡಿ ಬಿಗಿದು, ಮೇಲೆ ಕಮಾನು ಎತ್ತಿದರು.
'ಅವರ ಚಕ್ರವರ್ತಿಯೂ ಕಲ್ಲು ಹೊತ್ತನೇ?'
'ಹೊತ್ತ, ಅನ್ನುತ್ತಿದ್ದಳು ಅಜ್ಜಿ. ಪುಸ್ತಕಕ್ಕೆ ಅನುಮಾನ.
ಅಜ್ಜಿ ಆ ಕಮಾನಿನ ಕೆಳಗೆ ಬಟ್ಟೆ ಒಗೆದವಳು,
ಪುಸ್ತಕ ಒಗೆದಿಲ್ಲ.'

ಒಂದು ದಿನ ನನ್ನ ಸರದಿ. ಒಡ್ಡಿನಿಂದ ಸೀಳಿಹೋದ ತೋಡು ತೋರಿಸಿದೆ,
ಇಲ್ಲಿಯವರ ಬಾಯಲ್ಲಿ ಗಾಯ್ಟ್.
ಚಕ್ರ ತಿರುಗಿಸುತ್ತಿದ್ದ ನೀರು, ಈಗ ಬಾತುಗಳ ಪಾಲು.
ಸಾಣೆಯ ಮೇಲೆ ಬಗ್ಗಿ ಚೂರಿ ಮಸೆದವರು
ಕಲ್ಲಿನ ಧೂಳು ಕುಡಿದು ನಲವತ್ತು ಕಾಣದೆ ಹೋದರು, ಎಂದೆ.

ಬಹಳ ಹೊತ್ತು ಮಾತಿಲ್ಲ. ಆಮೇಲೆ:
'ನನ್ನಪ್ಪ ಹಿಟ್ಟು ಕೆಮ್ಮುತ್ತಿದ್ದ. ಕರವಸ್ತ್ರದ ತುಂಬ ಬಿಳಿ.
ಹಿಮ ಕಾಣದ ಊರು. ಮಕ್ಕಳು ನಾವು
ಅದನ್ನೇ ಹಿಮ ಅನ್ನುತ್ತಿದ್ದೆವು.'

ಅಲ್ಲಿ ರೊಟ್ಟಿ, ಇಲ್ಲಿ ರೊಟ್ಟಿ ಕೊಯ್ಯುವ ಚೂರಿ.
ಕೆಮ್ಮು ಒಂದೇ.

ಫೆಬ್ರವರಿಯಲ್ಲಿ ಹೊಳೆ ಕೆಂಪಾಗಿ ಏರಿತು.
ಕೊಡೆ ಮುರಿದುಕೊಂಡು ಬಂದಳು. 'ಎಷ್ಟು?'
'ನಾಲ್ಕೂವರೆ ದಾಂಗು,' ಎಂದೆ, ಧೈರ್ಯ ಮಾಡಿ.
ಅವಳು ಕಣ್ಣು ಮುಚ್ಚಿ ಒಡ್ಡಿನ ಸದ್ದಿಗೆ ಕಿವಿಗೊಟ್ಟು
'ಐದು' ಎಂದು ತಿದ್ದಿದಳು.
ಅಂಕಿಯ ಕಾಲಮ್ಮಿನಲ್ಲಿ ಮೀಟರು ಬರೆದೆ,
ಷರಾದಲ್ಲಿ ಅವಳ ಐದು.

'ಆರನೆಯ ದಾಂಗು?'
'ಅದು ದಡದ್ದು. ಹೊಳೆ ಅದನ್ನೂ ಕೇಳಿದರೆ
ವಾದ ಮಾಡಬಾರದು'
ಎನ್ನುತ್ತ ತನ್ನ ಮಡಚು ಕುರ್ಚಿಯನ್ನು
ಎರಡು ಮೆಟ್ಟಿಲು ಮೇಲಕ್ಕೆ ಇಟ್ಟುಕೊಂಡಳು.